‘ಸಪ್ಪೆ’ ಎಂಬ ಶಬ್ದ ಮತ್ತು ಅದರ ನೆರೆಹೊರೆ

‘ಸಪ್ಪೆ’ ಎಂಬುದು ಚಿಕ್ಕ ಶಬ್ದ. ಉಪ್ಪಿಲ್ಲದ್ದು, ರುಚಿಯಿಲ್ಲದ್ದು ಎಂದು ಅರ್ಥ ಹೇಳಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ನೇತ್ರಾವತಿಯ ದಡದ ನರಿಕೊಂಬು, ಪಾಣೆಮಂಗಳೂರುಗಳಿಂದ ಹಿಡಿದು ಬೆಳ್ತಂಗಡಿ, ಮೂಡುಬಿದಿರೆಗಳವರೆಗಿನ ಮನೆಮಾತಿನಲ್ಲಿ ಅದು ‘ಚಪ್ಪೆ’. ತುಳುವಿನಲ್ಲಿಯೂ ಚಪ್ಪೆಯೇ. ತೆಲುಗಿನವರು ಉಪ್ಪು ಹಾಕದ ಪಥ್ಯದ ಊಟವನ್ನು ‘ಚಪ್ಪಿಡಿ’ ಎನ್ನುತ್ತಾರೆ. ತಮಿಳಿನಲ್ಲಿಯೂ ಇದರ ಸೋದರರೂಪಗಳುಂಟು. ಸಂಸ್ಕೃತದ ಹಂಗಿಲ್ಲದೆ ದ್ರಾವಿಡ ಭಾಷೆಗಳ ಅಡುಗೆಮನೆಯಲ್ಲಿಯೇ ಹುಟ್ಟಿ ಬೆಳೆದ ಶಬ್ದವಿದು.

ಅಡುಗೆಮನೆಯಿಂದ ಹೊರಬಿದ್ದ ಮೇಲೆ ಅದು ಅಲೆದಾಡಿದ ಸ್ಥಳಗಳು ಹಲವು. ಸಾರು ಸಪ್ಪೆಯಾಗುವಂತೆ ಮೋರೆಯೂ ಸಪ್ಪೆಯಾಗುತ್ತದೆ. ಹಬ್ಬ ಸಪ್ಪೆಯಾಗುತ್ತದೆ, ಸಭೆ ಸಪ್ಪೆಯಾಗುತ್ತದೆ, ಮಳೆಗಾಲದಲ್ಲಿ ವ್ಯಾಪಾರ ಸಪ್ಪೆಯಾಗುತ್ತದೆ. ಮಗನ ಪರೀಕ್ಷೆಯ ಫಲಿತಾಂಶ ನೋಡಿದ ತಂದೆ ‘ಸಪ್ಪಗೆ’ ಕುಳಿತುಕೊಳ್ಳುತ್ತಾನೆ. ಗ್ರಂಥವಿಮರ್ಶಕನಿಗಂತೂ ಇದು ಕೈಗೆ ಸಿಕ್ಕುವ ಮೊದಲ ಕಲ್ಲು. ನಿರೂಪಣೆ ಸಪ್ಪೆ, ಪಾತ್ರ ಸಪ್ಪೆ, ಶೈಲಿ ಸಪ್ಪೆ ಎಂದು ಬರೆದರೆ ಕಾರಣ ಕೊಡುವ ಹೊಣೆಯಿಂದಲೇ ಅವನು ಪಾರಾಗುತ್ತಾನೆ. ಒಳನಾಡಿನಲ್ಲಿ ತೆನೆ ಕೊಯ್ದ ಮೇಲೆ ಉಳಿಯುವ ಜೋಳದ ದಂಟಿಗೂ ಸಪ್ಪೆ ಎನ್ನುವುದುಂಟು. ಮನುಷ್ಯನಿಗೆ ಬೇಡವಾದದ್ದು ಎಂಬ ಧ್ವನಿ ಅಲ್ಲಿಯೂ ಕೇಳಿಸುತ್ತದೆ; ಆದರೆ ಹಸುವಿಗೆ ಅದೇ ಆಹಾರ.

ಈ ಪ್ರಯೋಗಗಳಲ್ಲೆಲ್ಲ ಸಪ್ಪೆ ಎಂದರೆ ಕೊರತೆ. ಹೊಗಳುವ ಬಾಯಲ್ಲಿ ಈ ಶಬ್ದ ಬಂದುದನ್ನು ಕೇಳಿದವರು ಕಡಮೆ. ಆದರೆ ಈ ನಾಡಿನ ಮನೆಗಳಲ್ಲಿಯೇ ಸಪ್ಪೆಯಾದದ್ದು ಗೌರವದಿಂದ ಬಡಿಸಲ್ಪಡುವ ಎರಡು ಸಂದರ್ಭಗಳುಂಟು: ಒಂದು ರೋಗಿಯ ಹಾಸಿಗೆಯ ಬಳಿ, ಇನ್ನೊಂದು ವ್ರತಿಯ ಬಾಳೆಲೆಯ ಮೇಲೆ. ಈ ಎರಡು ಸಂದರ್ಭಗಳನ್ನು ಲಕ್ಷ್ಯದಲ್ಲಿಟ್ಟುಕೊಳ್ಳದೆ ಶಬ್ದವನ್ನು ಬಳಸುವುದರಿಂದ ಎರಡು ವಿರುದ್ಧ ವಸ್ತುಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಉಪ್ಪನ್ನು ತಿಳಿದು ಬಿಟ್ಟದ್ದು ಒಂದು. ಉಪ್ಪು ಹಾಕಲು ಮರೆತದ್ದು, ಅಥವಾ ಹಾಕಲು ಅಂಜಿದ್ದು ಇನ್ನೊಂದು. ಮೊದಲನೆಯದನ್ನು ನಿಂದಿಸುವ ವಿಮರ್ಶಕರಿದ್ದಾರೆ. ಎರಡನೆಯದನ್ನು ಮೊದಲನೆಯದೆಂದು ತೋರಿಸಿ ಪೂಜಿಸಿಕೊಳ್ಳುವ ಭಾಷಣಕಾರರೂ ಇದ್ದಾರೆ. ಇಬ್ಬರೂ ತಪ್ಪುತ್ತಿರುವುದು ಒಂದೇ ಜಾಗದಲ್ಲಿ.

ಮೊದಲು ರೋಗಿಯ ಗಂಜಿಯನ್ನು ನೋಡಬಹುದು. ಕುಚ್ಚಲಕ್ಕಿಯ ಗಂಜಿ ಕರಾವಳಿಯಲ್ಲಿ ಬಡವನ ಊಟವೂ ಹೌದು, ಜ್ವರ ಬಿಟ್ಟವನ ಮೊದಲ ಊಟವೂ ಹೌದು. ಅದು ಚಪ್ಪೆಯಾಗಿರುವುದು ಅಡುಗೆಯವಳ ಅಲಕ್ಷ್ಯದಿಂದಲ್ಲ. ಬೆಂದು ಬಳಲಿದ ಜಠರಕ್ಕೆ ಅದಕ್ಕಿಂತ ಹೆಚ್ಚಿನದು ಸಲ್ಲದೆಂಬ ತಿಳಿವಿನಿಂದ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ಬಲು ಹಿಂದಿನದು. ಅದರ ಕಹಿ ಕುಡಿದವರಿಗೇ ಗೊತ್ತು. ದೇಹಕ್ಕೆ ಉಷ್ಣವೆಂದು ಹೇಳುವುದರಿಂದ ಅದರ ಬೆನ್ನಿಗೆ ಮೆಂತೆ ಗಂಜಿ ಉಣ್ಣುತ್ತಾರೆ. ತಂಪಾದದ್ದಕ್ಕೆ ಈ ಆಚಾರದಲ್ಲಿ ಗೌರವದ ಸ್ಥಾನವಿದೆ, ಆದರೆ ಆ ಸ್ಥಾನ ಕಹಿಯ ನಂತರದ್ದು. ಕಷಾಯ ಬಿಟ್ಟು ಗಂಜಿಯನ್ನಷ್ಟೇ ಉಂಡವನು ಆಟಿ ಆಚರಿಸಿದನೆಂದು ಯಾವ ಅಜ್ಜಿಯೂ ಒಪ್ಪುವುದಿಲ್ಲ.

ವ್ರತಿಯ ಎಲೆಯ ವಿಚಾರ ಇದಕ್ಕಿಂತ ಸೂಕ್ಷ್ಮ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯ ತಪಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬಿವುಗಳಲ್ಲಿ ಒಂದನ್ನೋ ಹಲವನ್ನೋ ಶಕ್ತ್ಯನುಸಾರ ಬಿಡುವುದು. ಭಾನುವಾರ ಉಪ್ಪು ಬಿಡುವ ನಿಯಮವಿರುವ ಮನೆತನಗಳು ದಿಗಂಬರರಲ್ಲಿ ಉಂಟು. ಶ್ವೇತಾಂಬರ ಬಂಧುಗಳು ಚೈತ್ರ ಮತ್ತು ಆಶ್ವಿನ ಮಾಸಗಳ ಓಳಿಯಲ್ಲಿ ಒಂಬತ್ತು ದಿನ ಆಚರಿಸುವ ಆಯಂಬಿಲ್ ಇದೇ ಜಾತಿಯದು. ದಿನಕ್ಕೊಂದು ಹೊತ್ತು, ಹಾಲು ತುಪ್ಪ ಎಣ್ಣೆ ಬೆಲ್ಲಗಳಿಲ್ಲದ ಬೇಯಿಸಿದ ಧಾನ್ಯ. ಸೂತ್ರಕಾರರು ಇಲ್ಲಿ ಬಳಸಿದ ಶಬ್ದವನ್ನು ಗಮನಿಸಬೇಕು. ‘ನೀರಸ ಭೋಜನ’ ಎಂದು ಅವರು ಹೇಳಲಿಲ್ಲ, ‘ರಸಪರಿತ್ಯಾಗ’ ಎಂದರು. ತಪಸ್ಸಿರುವುದು ಸಪ್ಪೆಯಾದ ಅನ್ನದಲ್ಲಲ್ಲ, ಬಿಡುವ ಕ್ರಿಯೆಯಲ್ಲಿ. ಮನೆಯಲ್ಲಿ ಉಪ್ಪು ಮುಗಿದುದರಿಂದ ಸಪ್ಪೆ ಉಂಡವನಿಗೆ ನಿರ್ಜರೆಯಿಲ್ಲ. ನಾಲಗೆ ಜಡವಾಗಿ ಉಪ್ಪಿನ ಭೇದವೇ ತಿಳಿಯದವನಿಗೂ ಇಲ್ಲ. ರುಚಿ ಬಲ್ಲವನೇ ರುಚಿಯನ್ನು ಬಿಡಬಲ್ಲವನು.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಆಯುರ್ವೇದದಲ್ಲಿ ರಸಗಳು ಆರು, ಲವಣವೂ ಅವುಗಳಲ್ಲೊಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಪುದ್ಗಲದ ಗುಣಗಳನ್ನು ಎಣಿಸುವಾಗ ಹೇಳುವ ರಸಗಳು ಐದೇ: ತಿಕ್ತ, ಆಮ್ಲ, ಕಟು, ಮಧುರ, ಕಷಾಯ. ಉಪ್ಪಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಆದರೆ ತ್ಯಾಗದ ಪಟ್ಟಿಗೆ ಬಂದೊಡನೆ ಉಪ್ಪು ತಪ್ಪದೆ ಸೇರುತ್ತದೆ. ಪದಾರ್ಥಗಳ ಲೆಕ್ಕ ಬೇರೆ, ಆಸಕ್ತಿಗಳ ಲೆಕ್ಕ ಬೇರೆ ಎಂದಾಯಿತು. ಕನ್ನಡಿಗನ ನಾಲಗೆಯಂತೂ ಉಪ್ಪಿಗಿಂತ ರುಚಿಯಿಲ್ಲವೆಂದು ಗಾದೆಯನ್ನೇ ಕಟ್ಟಿದೆ. ಅದಿಲ್ಲದ ಸ್ಥಿತಿಗೆ ಒಂದು ಶಬ್ದವನ್ನೂ ಮೀಸಲಿಟ್ಟಿದೆ. ಕಹಿಯಿಲ್ಲದ ಸ್ಥಿತಿಗೋ ಹುಳಿಯಿಲ್ಲದ ಸ್ಥಿತಿಗೋ ಅಂಥ ಒಂಟಿ ಶಬ್ದವನ್ನು ಯಾರೂ ಕಟ್ಟಲು ಹೋಗಲಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನೆಯ ಕ್ರಮವನ್ನು ಹೇಳುವ ಭಾಗ ಈ ವಿವೇಕದ ಉತ್ತುಂಗ. ಘನ ಆಹಾರವನ್ನು ಮೆಲ್ಲಮೆಲ್ಲನೆ ಕಡಮೆ ಮಾಡುತ್ತ ಸ್ನಿಗ್ಧಪಾನಕ್ಕೆ, ಅಂದರೆ ಹಾಲು ಮುಂತಾದ ಮೃದುವಾದ ಪಾನಕ್ಕೆ ಬರಬೇಕು. ಬಳಿಕ ಅದನ್ನೂ ಕಡಮೆ ಮಾಡಿ ಖರಪಾನಕ್ಕೆ, ಅಂದರೆ ಕಾಂಜಿ, ಬಿಸಿನೀರುಗಳಂಥ ತೆಳುವಾದ ಪಾನಕ್ಕೆ ಬರಬೇಕು. ಉಪವಾಸ ಅದರ ನಂತರದ್ದು. ಹಿತವಾದದ್ದಕ್ಕೂ ಸಪ್ಪೆಯಾದದ್ದಕ್ಕೂ ಇಲ್ಲಿ ಬೇರೆ ಬೇರೆ ಮೆಟ್ಟಿಲು ಕೊಟ್ಟಿದೆ. ಎರಡೂ ಒಂದೇ ಎಂದು ತಿಳಿಯುವ ಇಂದಿನ ಮಾತುಗಾರಿಕೆಗೆ ಈ ವಿವೇಕವಿಲ್ಲ.

ಆಹಾರದ ವಿಚಾರ ಇಷ್ಟು ಸಾಕು. ಇದೇ ಗೊಂದಲ ಸಾಹಿತ್ಯದಲ್ಲಿ ಶಾಂತರಸದ ಸುತ್ತ ಬೆಳೆದಿದೆ. ಜೈನಕಾವ್ಯಗಳು ಕೊನೆಗೆ ಶಾಂತದಲ್ಲಿ ನಿಲ್ಲುವುದರಿಂದ ಅವು ಸಪ್ಪೆ ಎಂಬ ಆಕ್ಷೇಪಣೆ ಹಳೆಯದು. ಭರತಮುನಿಯ ನಾಟ್ಯಶಾಸ್ತ್ರದ ಮೂಲ ಎಣಿಕೆಯಲ್ಲಿ ರಸಗಳು ಎಂಟೇ ಎಂಬುದನ್ನು ಈ ಆಕ್ಷೇಪಣೆಗೆ ಬೆಂಬಲವಾಗಿ ತರುವವರಿದ್ದಾರೆ. ಆದರೆ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಅಂದರೆ ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವೇ, ಶಾಂತವನ್ನು ರಸಗಳ ಸಾಲಿನಲ್ಲಿ ಕೂರಿಸಿದೆ. ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರದ ಒಂಬತ್ತು ಕಾವ್ಯರಸಗಳಲ್ಲಿ ಪ್ರಶಾಂತವಿದೆ. ಭಯಾನಕವನ್ನು ಕೈಬಿಟ್ಟು ಲಜ್ಜೆಯನ್ನು ಒಂದು ರಸವೆಂದು ಎಣಿಸಿರುವುದು ಆ ಪಟ್ಟಿಯ ಇನ್ನೊಂದು ವಿಶೇಷ. ಶಾಂತ ಎಂಬುದು ರಸಗಳಿಲ್ಲದ ಸ್ಥಿತಿಯಲ್ಲ, ಅದೇ ಒಂದು ರಸ ಎಂಬುದು ಇವರೆಲ್ಲರ ನಿಲುವು.

ಪಂಪನ ಆದಿಪುರಾಣ ಕ್ರಿ.ಶ. 941ರದು. ಅದರಲ್ಲಿ ನೀಲಾಂಜನೆಯ ನೃತ್ಯದ ಭಾಗವನ್ನು ಓದಿದವರಾರೂ ಶಾಂತವನ್ನು ಸಪ್ಪೆ ಎನ್ನಲಾರರು. ಸಭೆ ಶೃಂಗಾರದಲ್ಲಿ ಮುಳುಗಿರುವಾಗ ನರ್ತಕಿಯ ಆಯುಸ್ಸು ಮುಗಿಯುತ್ತದೆ. ರಸಭಂಗವಾಗದಂತೆ ಇಂದ್ರನು ಕ್ಷಣದಲ್ಲಿ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಗೊತ್ತೇ ಆಗುವುದಿಲ್ಲ, ಆದಿದೇವನಿಗೆ ಮಾತ್ರ ಗೊತ್ತಾಗುತ್ತದೆ. ವೈರಾಗ್ಯ ಹುಟ್ಟುವುದು ಅಲ್ಲಿ. ನೃತ್ಯವನ್ನು ಎಲ್ಲರಿಗಿಂತ ಚೆನ್ನಾಗಿ ನೋಡುತ್ತಿದ್ದವನಿಗೇ ಅದರ ಬಿರುಕು ಕಂಡಿತು. ರಸ ಬಲ್ಲವನೇ ರಸವನ್ನು ಬಿಟ್ಟನೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕನ್ನಡದಲ್ಲಿ ಸಿಕ್ಕುವುದು ಕಷ್ಟ.

ಮೂಡುಬಿದಿರೆಯ ರತ್ನಾಕರವರ್ಣಿಯ ವಿಚಾರ ಇಷ್ಟು ಸರಳವಲ್ಲ. ಹದಿನಾರನೆಯ ಶತಮಾನದ ಅವನ ಭರತೇಶವೈಭವವು ಸುಮಾರು ಹತ್ತು ಸಾವಿರ ಸಾಂಗತ್ಯಪದ್ಯಗಳ ದೊಡ್ಡ ಕೃತಿ. ಪಂಪನಲ್ಲಿ ಭರತ-ಬಾಹುಬಲಿಗಳ ನಡುವೆ ದೃಷ್ಟಿ, ಜಲ, ಮಲ್ಲಯುದ್ಧಗಳು ನಡೆಯುತ್ತವೆ. ಸೋತ ಭರತನು ಚಕ್ರವನ್ನೂ ಪ್ರಯೋಗಿಸುತ್ತಾನೆ. ರತ್ನಾಕರನು ಆ ಕಾಳಗವನ್ನೇ ತೆಗೆದುಹಾಕಿದ. ಅವನ ಭರತನು ತಮ್ಮನನ್ನು ನಯವಾದ ಮಾತಿನಿಂದಲೇ ಒಲಿಸುತ್ತಾನೆ. ಕಥೆಯ ಉಪ್ಪನ್ನೇ ಕವಿ ತೆಗೆದನಲ್ಲ, ಇದು ಸಪ್ಪೆಯಾಗಲಿಲ್ಲವೇ ಎಂದು ಕೇಳಿದ ವಿಮರ್ಶಕರುಂಟು. ಪ್ರಶ್ನೆ ಅನ್ಯಾಯದ್ದಲ್ಲ. ಜಗಳವಿಲ್ಲದ ಜಾಗದಲ್ಲಿ ಬಾಹುಬಲಿಯ ವೈರಾಗ್ಯಕ್ಕೆ ಪಂಪನಲ್ಲಿರುವ ಕಾವು ರತ್ನಾಕರನಲ್ಲಿಲ್ಲವೆಂಬುದನ್ನು ಅವನ ಅಭಿಮಾನಿಗಳೂ ಒಪ್ಪಿಕೊಳ್ಳಬೇಕಾಗುತ್ತದೆ. ಗೆದ್ದವನು ಗೆಲುವಿಗೆ ನಾಚಿ ಹೊರಡುವುದರಲ್ಲಿ ಇರುವ ತೀವ್ರತೆ ಮಾತಿಗೆ ಮಣಿದವನು ಹೊರಡುವುದರಲ್ಲಿ ಬರಲಾರದು.

ಆದರೆ ರತ್ನಾಕರನು ಉಪ್ಪನ್ನು ಎಸೆಯಲಿಲ್ಲ, ಬೇರೆ ಪಾತ್ರೆಗೆ ಹಾಕಿದ. ಅವನ ಕಾವ್ಯದ ರುಚಿಯಿರುವುದು ರಣರಂಗದಲ್ಲಲ್ಲ, ಅರಮನೆಯ ದಿನಚರಿಯಲ್ಲಿ. ಗಂಡಹೆಂಡಿರ ಸರಸದಲ್ಲಿ, ಮುನಿಗಳಿಗೆ ಆಹಾರದಾನ ಮಾಡಲು ಚಕ್ರವರ್ತಿಯೇ ಕಾದು ನಿಲ್ಲುವುದರಲ್ಲಿ. ಮುನಿಭುಕ್ತಿಗೆ ಒಂದು ಸಂಧಿ, ರಾಜಭುಕ್ತಿಗೆ ಇನ್ನೊಂದು ಸಂಧಿ ಮೀಸಲಿಟ್ಟ ಕವಿ ಅವನು. ಭೋಗದ ನಡುವೆಯೇ ಯೋಗವುಂಟೆಂದು ತೋರಿಸಹೊರಟವನಿಗೆ ಕಾಳಗ ಅನಾವಶ್ಯಕವಾಗಿ ಕಂಡಿತು. ಇಲ್ಲಿ ಉಪ್ಪು ಬಿಟ್ಟದ್ದು ತಿಳಿದು ಬಿಟ್ಟದ್ದು. ಬಿಟ್ಟದ್ದಕ್ಕೆ ತೆತ್ತ ಬೆಲೆಯೂ ಕಾವ್ಯದಲ್ಲಿ ಕಾಣುತ್ತದೆ. ಇದನ್ನು ಸಪ್ಪೆ ಎನ್ನುವವನು ವಿಮರ್ಶೆ ಮಾಡುತ್ತಿಲ್ಲ, ತನಗೆ ಒಗ್ಗಿದ ಅಡುಗೆಯನ್ನು ಕೇಳುತ್ತಿದ್ದಾನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಸಮಾಜದ ಸ್ಮರಣಸಂಚಿಕೆಗಳಲ್ಲಿ, ಪಂಚಕಲ್ಯಾಣದ ವೇದಿಕೆಗಳಲ್ಲಿ, ಪರ್ವದ ಉಪನ್ಯಾಸಗಳಲ್ಲಿ ‘ಶಾಂತ’ ಎಂಬ ಹೆಸರಿನಲ್ಲಿ ಬಡಿಸಲಾಗುತ್ತಿರುವುದರ ಬಹುಭಾಗ ಶಾಂತವಲ್ಲ, ನಿಜವಾಗಿಯೂ ಸಪ್ಪೆ. ಅಹಿಂಸೆ ಶ್ರೇಷ್ಠವೆಂದು ಹೇಳಿ ಯಾವ ಹಿಂಸೆಯನ್ನೂ ಹೆಸರಿಸದ ಭಾಷಣ. ಅಪರಿಗ್ರಹವನ್ನು ಹೊಗಳಿ ಅದೇ ಉಸಿರಿನಲ್ಲಿ ದಾನಿಗಳ ಐಶ್ವರ್ಯವನ್ನೂ ಹೊಗಳುವ ಭಾಷಣ. ಕೇಳಿದವರೆಲ್ಲ ತಲೆದೂಗಿ, ಊಟಕ್ಕೆ ಏಳುವಾಗ ಏನು ಕೇಳಿದೆವೆಂದು ನೆನಪಿಲ್ಲದ ಭಾಷಣ. ಇದಕ್ಕೆ ಕೊಡುವ ಸಮರ್ಥನೆ ಸಿದ್ಧವಾಗಿಯೇ ಇರುತ್ತದೆ. ಮಾತು ಹಿತವಾಗಿರಬೇಕು, ಮಿತವಾಗಿರಬೇಕು, ಪ್ರಿಯವಾಗಿರಬೇಕು ಎಂದು ಶಾಸ್ತ್ರವೇ ಹೇಳಿದೆಯಲ್ಲವೇ ಎಂಬುದು.

ಶಾಸ್ತ್ರ ಹೇಳಿರುವುದನ್ನು ಪೂರ್ತಿ ನೋಡುವುದು ಒಳ್ಳೆಯದು. ಅಕಲಂಕದೇವರು ರಾಜವಾರ್ತಿಕದಲ್ಲಿ ಭಾಷಾಸಮಿತಿಯನ್ನು ನಿರೂಪಿಸುವಾಗ ಮಾತಿಗೆ ಮೂರು ಲಕ್ಷಣಗಳನ್ನು ಕೊಡುತ್ತಾರೆ: ಹಿತ, ಮಿತ ಮತ್ತು ಅಸಂದಿಗ್ಧ. ಮೂರನೆಯದು ಪ್ರಿಯವಲ್ಲ, ಅಸಂದಿಗ್ಧ. ಸಂದೇಹಕ್ಕೆ ಎಡೆಯಿಲ್ಲದ್ದು, ಎರಡರ್ಥಕ್ಕೆ ಜಾರದ್ದು. ಜನರ ಬಾಯಲ್ಲಿ ಈ ತ್ರಿಕದಿಂದ ಅಸಂದಿಗ್ಧವು ಜಾರಿಬಿದ್ದು ಆ ಜಾಗದಲ್ಲಿ ಪ್ರಿಯವು ಬಂದು ಕುಳಿತದ್ದು ಸಣ್ಣ ಬದಲಾವಣೆಯಲ್ಲ. ಪ್ರಿಯಕ್ಕೆ ಶಾಸ್ತ್ರದಲ್ಲಿ ಸ್ಥಾನವಿಲ್ಲವೆಂದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯದ ಭೇದಗಳನ್ನು ಹೇಳುತ್ತ, ಭಯ, ಖೇದ, ವೈರ, ಶೋಕ, ಕಲಹಗಳನ್ನು ಉಂಟುಮಾಡುವ ಅಪ್ರಿಯವಚನವನ್ನೂ ಅಸತ್ಯದಲ್ಲಿ ಸೇರಿಸಿದ್ದಾರೆ. ಸಪ್ಪೆ ಮಾತಿನ ವಕೀಲರು ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಆಚಾರ್ಯರು ಅಲ್ಲಿಗೆ ನಿಲ್ಲಿಸಲಿಲ್ಲ. ಸಕಲ ಅಸತ್ಯಗಳಿಗೂ ಮೂಲ ಪ್ರಮತ್ತಯೋಗ, ಅಂದರೆ ಕಷಾಯದಿಂದ ಕೂಡಿದ ಅಜಾಗರೂಕತೆ. ಆದ್ದರಿಂದ ಬಿಡಬೇಕಾದದ್ದನ್ನು ಬಿಡೆಂದೂ ಮಾಡಬೇಕಾದದ್ದನ್ನು ಮಾಡೆಂದೂ ಹೇಳುವ ಮಾತು ಕೇಳುವವನಿಗೆ ನೋವಾದರೂ ಅಸತ್ಯವಾಗದು ಎಂಬುದು ಅವರ ಸಿದ್ಧಾಂತ. ಮಾಂಸ ಬಿಡೆಂಬ ಉಪದೇಶ ಮಾಂಸಪ್ರಿಯನಿಗೆ ಅಪ್ರಿಯವೇ. ಅದಕ್ಕೆ ಹೆದರಿದ್ದರೆ ಉಪದೇಶವೆಂಬುದೇ ಇರುತ್ತಿರಲಿಲ್ಲ.

ಉಪ್ಪು-ಖಾರ ಹಚ್ಚಿ ಹೇಳುವುದು ಎಂದು ಕನ್ನಡದಲ್ಲಿ ನುಡಿಗಟ್ಟಿದೆ; ತುಳುವಿನಲ್ಲಿ ಉಪ್ಪು, ಪುಳಿ, ಮುಂಚಿ ಮೂರನ್ನೂ ಹಾಕುತ್ತಾರೆ. ಇದ್ದುದಕ್ಕಿಂತ ಹೆಚ್ಚು ಹೇಳುವ ಆ ದೋಷವನ್ನು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೆ ಚಿಕ್ಕಂದಿನಿಂದಲೇ ಬಿಡಿಸುತ್ತಾರೆ, ಬಿಡಿಸಬೇಕಾದದ್ದೂ ಹೌದು. ಇದ್ದುದಕ್ಕಿಂತ ಕಡಮೆ ಹೇಳುವ ದೋಷಕ್ಕೆ ಮಾತ್ರ ಯಾರೂ ಗದರಿಸುವುದಿಲ್ಲ. ಅಂಗಡಿಯ ತಕ್ಕಡಿಯಲ್ಲಿ ಹೆಚ್ಚು ತೂಗುವುದೂ ಕಡಮೆ ತೂಗುವುದೂ ಸುಳ್ಳೇ ಆಗಿರುವಾಗ ನಾಲಗೆಯ ತಕ್ಕಡಿಗೆ ಬೇರೆ ನ್ಯಾಯ ಏಕೆಂಬುದು ತಿಳಿಯುವುದಿಲ್ಲ.

ಇಲ್ಲಿಂದ ಸಪ್ಪೆಯ ಅತ್ಯಂತ ಗೌರವಸ್ಥ ನೆರೆಯವನಾದ ‘ಸಮಾಧಾನ’ ಎಂಬ ಶಬ್ದಕ್ಕೆ ಬರಬೇಕು. ಇಂದಿನ ಕನ್ನಡದಲ್ಲಿ ಸಮಾಧಾನ ಎಂದರೆ ಅಳುವವರ ಬೆನ್ನು ಸವರುವುದು, ಸಿಟ್ಟಾದವರನ್ನು ಕೂರಿಸುವುದು, ಆದದ್ದಾಯಿತು ಬಿಡಿ ಎನ್ನುವುದು. ಶಾಲೆಯ ಸ್ಪರ್ಧೆಗಳಲ್ಲಿ ಗೆಲ್ಲದವರಿಗೆ ‘ಸಮಾಧಾನಕರ ಬಹುಮಾನ’ ಕೊಡುತ್ತಾರೆ. ಶಾಸ್ತ್ರದಲ್ಲಿ ಈ ಶಬ್ದದ ಗೆಳೆಯ ಬೇರೆ. ಅಲ್ಲಿ ಅದು ‘ಶಂಕಾ-ಸಮಾಧಾನ’. ಶಂಕೆ ಎತ್ತಿದವನಿಗೆ ಯುಕ್ತಿಯಿಂದ, ದೃಷ್ಟಾಂತದಿಂದ, ಆಗಮಪ್ರಮಾಣದಿಂದ ಕೊಡುವ ಉತ್ತರವೇ ಸಮಾಧಾನ. ಉತ್ತರ ಸಿಕ್ಕಿದ ಮೇಲೆ ಮನಸ್ಸು ನೆಲೆಗೊಳ್ಳುವುದು ಅದರ ಫಲ. ಈಗಿನ ಬಳಕೆಯಲ್ಲಿ ಉತ್ತರವನ್ನು ಬಿಟ್ಟು ಫಲವನ್ನಷ್ಟೇ ಕೇಳಲಾಗುತ್ತಿದೆ. ಹಿಂದೆ ಶಂಕೆಗೆ ಸಮಾಧಾನವಿತ್ತು. ಈಗ ಶಂಕಿಸಿದವನಿಗೆ ಸಮಾಧಾನ. ಇಂಗ್ಲಿಷಿನಲ್ಲಿ ‘ಅನೊಡೈನ್’ ಎಂಬ ಶಬ್ದದ ಗತಿಯೂ ಹೆಚ್ಚುಕಡಮೆ ಇದೇ ಆಯಿತು. ಗ್ರೀಕ್ ಮೂಲದಲ್ಲಿ ಅದರ ಅರ್ಥ ನೋವಿಲ್ಲದ್ದು ಎಂದು. ವೈದ್ಯರ ಕೈಯಲ್ಲಿ ನೋವು ನೀಗುವ ಔಷಧದ ಹೆಸರಾಯಿತು. ಕಡೆಗೆ ಯಾರಿಗೂ ನೋವಾಗದಂತೆ ಏನನ್ನೂ ಹೇಳದಿರುವ ಮಾತಿಗೆ ಅಂಟಿಕೊಂಡಿತು.

ಹಿಂದಿನ ಸಮಾಧಾನ ಹೇಗಿರುತ್ತಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. ಸಲ್ಲೇಖನೆ ಆತ್ಮಹತ್ಯೆಯಲ್ಲವೇ ಎಂಬುದು ಈಚಿನ ಶಂಕೆಯೆಂದು ಹಲವರು ತಿಳಿದಿದ್ದಾರೆ. ಪೂಜ್ಯಪಾದರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ವ್ಯಾಖ್ಯಾನದಲ್ಲಿ ಆ ಶಂಕೆಯನ್ನು ತಾವೇ ಎತ್ತಿದ್ದಾರೆ, ನೇರವಾಗಿಯೇ ಎತ್ತಿದ್ದಾರೆ. ರಾಗ, ದ್ವೇಷ, ಮೋಹಗಳ ಆವೇಶದಿಂದ ವಿಷ, ಶಸ್ತ್ರಗಳಿಂದ ತನ್ನನ್ನು ಕೊಂದುಕೊಳ್ಳುವವನಿಗೆ ಆ ದೋಷವುಂಟು, ಸಲ್ಲೇಖನೆ ಮಾಡುವವನಲ್ಲಿ ಆ ರಾಗಾದಿಗಳಿಲ್ಲ ಎಂದು ಯುಕ್ತಿ ಹೇಳಿ, ಬಳಿಕ ಒಬ್ಬ ವರ್ತಕನ ದೃಷ್ಟಾಂತವನ್ನು ತರುತ್ತಾರೆ. ಬಗೆಬಗೆಯ ಸರಕನ್ನು ಕೊಂಡು, ಮಾರಿ, ಕೂಡಿಡುವ ವರ್ತಕನಿಗೆ ತನ್ನ ಮನೆ ನಾಶವಾಗುವುದು ಬೇಡ. ನಾಶದ ಕಾರಣ ಒದಗಿದರೆ ಶಕ್ತಿಯಿದ್ದಷ್ಟು ತಡೆಯುತ್ತಾನೆ. ತಡೆಯಲಾಗದಿದ್ದರೆ ಸರಕಾದರೂ ನಾಶವಾಗದಂತೆ ಯತ್ನಿಸುತ್ತಾನೆ. ವ್ರತಶೀಲಗಳೆಂಬ ಸರಕನ್ನು ಕೂಡಿಟ್ಟ ಗೃಹಸ್ಥನಿಗೆ ಶರೀರವೂ ಅಂಥದೇ ಮನೆ. ಒಪ್ಪದವನು ಇದನ್ನು ಎದುರಿಸಿ ವಾದಿಸಬಹುದು. ಹಾಗೆ ವಾದಿಸಲು ಸಾಧ್ಯವಾಗುವಷ್ಟು ಇದು ಸ್ಪಷ್ಟವಾಗಿದೆ.

ಸುಮಾರು ಸಾವಿರದೈನೂರು ವರ್ಷಗಳ ಮೇಲೆ, 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಯಂತೆಯೇ ಪರಿಗಣಿಸಬೇಕೆಂದು ತೀರ್ಪಿತ್ತಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆ ಮೂರು ವಾರಗಳಲ್ಲಿ ದೇಶದ ನಾನಾ ಊರುಗಳಲ್ಲಿ ಸಮಾಜ ಬೀದಿಗಿಳಿದು ಮೌನಮೆರವಣಿಗೆ ಮಾಡಿತು. ಅದು ಶಿಸ್ತಿನದಾಗಿತ್ತು, ಶ್ಲಾಘ್ಯವಾಗಿತ್ತು. ಆದರೆ ಮನೆಗೆ ಮರಳಿದ ಮೇಲೆ ಕಾಲೇಜಿನ ಮಗಳು ಅದೇ ಶಂಕೆಯನ್ನು ಕೇಳಿದಾಗ ಎಷ್ಟು ಮನೆಗಳಲ್ಲಿ ಪೂಜ್ಯಪಾದರ ಸಮಾಧಾನ ಸಿಕ್ಕಿತು, ಎಷ್ಟರಲ್ಲಿ ‘ಅದು ನಮ್ಮ ಧರ್ಮ, ಹಾಗೆಲ್ಲ ಕೇಳಬಾರದು’ ಎಂಬ ಇಂದಿನ ಸಮಾಧಾನ ಸಿಕ್ಕಿತು ಎಂಬುದನ್ನು ಆಯಾ ಮನೆಯವರೇ ಲೆಕ್ಕ ಹಾಕಿಕೊಳ್ಳಬೇಕು. ಎರಡನೆಯ ಉತ್ತರದಿಂದ ಮಗಳು ಸುಮ್ಮನಾಗುತ್ತಾಳೆ. ಸುಮ್ಮನಾದದ್ದನ್ನು ನಂಬಿಕೆಯೆಂದು ತಂದೆತಾಯಿ ಜಮಾ ಮಾಡಿಕೊಳ್ಳುತ್ತಾರೆ.

ಬಸದಿಗಳ ಆಡಳಿತ ಮಂಡಳಿಗಳ ಭಾಷೆಯನ್ನೂ ಇದೇ ಒರೆಗಲ್ಲಿಗೆ ತಿಕ್ಕಿ ನೋಡಬಹುದು; ಯಾವ ಊರಿನದೆಂದು ಹೆಸರಿಸುವ ಅಗತ್ಯವಿಲ್ಲ, ರೂಢಿ ವ್ಯಾಪಕವಾಗಿದೆ. ವಾರ್ಷಿಕ ಸಭೆಯಲ್ಲಿ ಒಬ್ಬ ಸದಸ್ಯನು ಜೀರ್ಣೋದ್ಧಾರದ ನಿಧಿಯ ಖರ್ಚಿನ ಬಗ್ಗೆ ಕೇಳುತ್ತಾನೆ. ನಡವಳಿಯ ಪುಸ್ತಕದಲ್ಲಿ ‘ಸದಸ್ಯರ ಪ್ರಶ್ನೆಗೆ ಸೂಕ್ತ ಸಮಾಧಾನ ನೀಡಲಾಯಿತು’ ಎಂದು ಬರೆಯುತ್ತಾರೆ. ಪ್ರಶ್ನೆ ಏನು, ಉತ್ತರ ಏನು, ಮೊತ್ತ ಎಷ್ಟು, ವೋಚರು ಯಾವುದು ಎಂಬುದೊಂದೂ ಆ ವಾಕ್ಯದಲ್ಲಿಲ್ಲ. ಹತ್ತು ವರ್ಷದ ಮೇಲೆ ಆ ಪುಸ್ತಕವನ್ನು ತೆರೆದವನಿಗೆ ಒಬ್ಬ ಮನುಷ್ಯನು ಸುಮ್ಮನಾದನೆಂಬುದಷ್ಟೇ ತಿಳಿಯುತ್ತದೆ. ಕೇಳಿದವನು ಮತ್ತೆ ಕೇಳಿದರೆ ಅವನಿಗೆ ‘ಶಾಂತಿಭಂಗ ಮಾಡುವವ’ ಎಂಬ ಹೆಸರು ಬರುತ್ತದೆ. ಶಾಂತಿನಾಥನ ಬಸದಿಯಲ್ಲಿ ಜಗಳವೇಕೆಂದು ಹಿರಿಯರು ಬುದ್ಧಿ ಹೇಳುತ್ತಾರೆ. ಲೆಕ್ಕ ಕೇಳುವುದು ಜಗಳವಲ್ಲ. ದೇವದ್ರವ್ಯದ ವಿಚಾರದಲ್ಲಿ ಲೆಕ್ಕ ಕೇಳದಿರುವುದೇ ಕೇಳುವವನ ದೋಷ. ಉತ್ತರ ಸರಿಯಾಗಿದ್ದ ಸಂದರ್ಭಗಳೇ ಹೆಚ್ಚಿರಬಹುದು. ಹಾಗಿದ್ದಲ್ಲಿ ಆ ಉತ್ತರವನ್ನೇ ಬರೆದಿಡಲು ಅಡ್ಡಿಯೇನಿತ್ತು? ಪ್ರಾಮಾಣಿಕನಾದ ಕಾರ್ಯದರ್ಶಿಗೆ ಅತಿ ಹೆಚ್ಚು ನಷ್ಟ ಮಾಡುವುದು ಈ ಸಪ್ಪೆ ವಾಕ್ಯವೇ. ಅವನ ಪ್ರಾಮಾಣಿಕತೆಗೆ ಅದು ಸಾಕ್ಷಿಯನ್ನೇ ಉಳಿಸುವುದಿಲ್ಲ.

ಹೀಗೆಂದಮಾತ್ರಕ್ಕೆ ಶಮನಗೊಳಿಸುವುದೆಲ್ಲ ವಂಚನೆಯೆಂದು ತಿಳಿದರೆ ಅದು ಇನ್ನೊಂದು ಅತಿ. ಜೈನಸಿದ್ಧಾಂತವು ‘ಉಪಶಮ’ಕ್ಕೆ ಕೊಟ್ಟ ಸ್ಥಾನವನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಜೀವನ ಭಾವಗಳನ್ನು ಹೇಳುವ ಸೂತ್ರ ಔಪಶಮಿಕದಿಂದಲೇ ಆರಂಭವಾಗುತ್ತದೆ. ಅನಾದಿಯಿಂದ ಮಿಥ್ಯಾದೃಷ್ಟಿಯಾಗಿದ್ದ ಜೀವಕ್ಕೆ ಮೊಟ್ಟಮೊದಲು ಒದಗುವ ಸಮ್ಯಕ್ತ್ವವೂ ಉಪಶಮ ಸಮ್ಯಕ್ತ್ವವೇ. ಪೂಜ್ಯಪಾದರು ಇದಕ್ಕೆ ಕೊಡುವ ಉಪಮೆ ಪ್ರಸಿದ್ಧವಾದದ್ದು. ಕದಡಿದ ನೀರಿಗೆ ಕತಕವನ್ನು, ಅಂದರೆ ಚಿಲ್ಲದ ಬೀಜವನ್ನು, ತೇಯ್ದು ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ; ಇದು ಉಪಶಮ. ಆ ತಿಳಿನೀರನ್ನೇ ಬೇರೊಂದು ಶುದ್ಧಪಾತ್ರೆಗೆ ಬಗ್ಗಿಸಿಕೊಂಡರೆ ಕೆಸರಿನ ಸಂಬಂಧವೇ ಹರಿಯುತ್ತದೆ, ಇದು ಕ್ಷಯ. ಕಣ್ಣಿಗೆ ಎರಡೂ ಒಂದೇ ತಿಳಿನೀರು. ಮೊದಲನೆಯದರಲ್ಲಿ ಕೆಸರು ಇನ್ನೂ ತಳದಲ್ಲಿದೆ ಎಂಬುದೇ ಭೇದ.

ಈ ಭೇದವನ್ನು ಗುಣಸ್ಥಾನಗಳ ಕ್ರಮದಲ್ಲಿ ಎಷ್ಟು ನಿಷ್ಠುರವಾಗಿ ಅನ್ವಯಿಸಲಾಗಿದೆಯೆಂದರೆ, ಉಪಶಮಶ್ರೇಣಿಯನ್ನು ಏರಿದ ಮುನಿಯು ಹನ್ನೊಂದನೆಯ ಉಪಶಾಂತಮೋಹ ಗುಣಸ್ಥಾನದವರೆಗೆ ಮಾತ್ರ ಹೋಗಬಲ್ಲನು. ಅಲ್ಲಿ ಅವನ ಕಷಾಯಗಳೆಲ್ಲ ಅಡಗಿವೆ. ಹೊರಗಿನಿಂದ ನೋಡಿದರೆ ವೀತರಾಗನೇ. ಆದರೆ ಅಂತರ್ಮುಹೂರ್ತದೊಳಗೆ ಅವನು ಅಲ್ಲಿಂದ ಇಳಿಯಲೇಬೇಕು. ಹನ್ನೆರಡಕ್ಕೆ ಅಲ್ಲಿಂದ ದಾರಿಯಿಲ್ಲ. ಕ್ಷಪಕಶ್ರೇಣಿಯವನು ಹತ್ತರಿಂದ ನೇರ ಹನ್ನೆರಡಕ್ಕೆ ಹೋಗುತ್ತಾನೆ, ಹನ್ನೊಂದನ್ನು ಮುಟ್ಟುವುದೇ ಇಲ್ಲ. ವರ್ತಕರ ಮಾತಿನಲ್ಲಿ ಹೇಳುವುದಾದರೆ ಒಂದು ಖಾತೆಯಲ್ಲಿ ಬಾಕಿಯನ್ನು ಮುಂದಿನ ಪುಟಕ್ಕೆ ಎಳೆದಿದೆ, ಇನ್ನೊಂದು ಖಾತೆ ಚುಕ್ತಾ ಆಗಿದೆ. ಪುಟದ ಮೇಲ್ಭಾಗವನ್ನಷ್ಟೇ ನೋಡುವವನಿಗೆ ಎರಡೂ ಶುಭ್ರ.

ಇದರಿಂದ ಕನ್ನಡದ ಶಬ್ದಬಳಕೆಗೆ ಒಂದು ಸಣ್ಣ ಬೆಳಕು ಬೀಳುತ್ತದೆ. ಕೆಮ್ಮು, ನೆಗಡಿ, ತಲೆನೋವುಗಳಿಗೆ ಔಷಧದ ಜಾಹೀರಾತುಗಳು ‘ಶಮನ’ ಎಂಬ ಶಬ್ದವನ್ನೇ ಬಳಸುತ್ತವೆ. ರಾಜಕೀಯ ಪಕ್ಷಗಳಲ್ಲಿ ಬಣಜಗಳವೆದ್ದು ವರಿಷ್ಠರು ಬಂದು ಮಾತನಾಡಿ ಹೋದ ಮರುದಿನ ಪತ್ರಿಕೆಗಳು ‘ಭಿನ್ನಮತ ಶಮನ’ ಎಂದು ತಲೆಬರಹ ಕೊಡುತ್ತವೆ. ಎರಡು ತಿಂಗಳು ಕಳೆಯುವುದರೊಳಗೆ ಅದೇ ಭಿನ್ನಮತ ಅದೇ ಪುಟದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ, ಮತ್ತೆ ಶಮನವೂ ಆಗುತ್ತದೆ. ಸುದ್ದಿಮನೆಯವರು ಸರ್ವಾರ್ಥಸಿದ್ಧಿಯನ್ನು ಓದಿರಲಿಕ್ಕಿಲ್ಲ. ಆದರೂ ಈ ಒಂದು ಪ್ರಯೋಗದಲ್ಲಿ ಅವರು ಸಿದ್ಧಾಂತಕ್ಕೆ ತೀರ ನಿಷ್ಠರಾಗಿದ್ದಾರೆ. ‘ಭಿನ್ನಮತ ಕ್ಷಯ’ ಎಂದು ಅವರು ಅಚ್ಚು ಹಾಕಿದ್ದನ್ನು ಯಾರೂ ಕಂಡಂತಿಲ್ಲ.